ಹಡಗಿನ ಸೂಟ್‌ಗೆ ಹೊರಟಿದ್ದೀರಾ?

ಡಿಸೆಂಬರ್, ಜನವರಿ ತಿಂಗಳ ಒಂದು ಬೆಳಿಗ್ಗೆ ನೀವು ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕಡೆ ಹೋದರೆ ಬೀದಿಯಲ್ಲಿ ಸಾಲಾಗಿ ನಿಂತ ದೊಡ್ಡ ಬಸ್ಸುಗಳು ಕಾಣಸಿಗಬಹುದು. ಅವುಗಳಿಂದ ಒಬ್ಬೊಬ್ಬರಾಗಿ ಇಳಿಯುವ ವಿದೇಶಿ ಅಜ್ಜ, ಅಜ್ಜಿಯರ ಕೊರಳಲ್ಲಿ ದಾರಕ್ಕೆ ಸಿಕ್ಕಿಸಿದ ಒಂದು ಕಾರ್ಡು ನೇತಾಡುತ್ತಿರುತ್ತದೆ. ಗುರುತಿನ ಚೀಟಿಯೇನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಅದು ಅವರ ಕೋಣೆಯ ಕೀಲಿ. ಆ ಕೋಣೆ ಪಣಂಬೂರಿನ ಬಂದರಿನಲ್ಲಿ ನಿಂತಿದೆ, ಸಂಜೆಗೆ ಕೊಚ್ಚಿಗೋ ಗೋವಾಕ್ಕೋ ಹೊರಟು ಹೋಗುತ್ತದೆ. ಅಷ್ಟರೊಳಗೆ ಇವರು ಕಾರ್ಕಳದ ಗೊಮ್ಮಟ, ಮೂಡಬಿದಿರೆಯ ಬಸದಿ, ಒಂದು ಗೇರುಬೀಜದ ಕಾರ್ಖಾನೆ, ಮಂಗಳೂರಿನ ಮಾರ್ಕೆಟ್ ನೋಡಿ ಮುಗಿಸಬೇಕು.

1430ರ ಸುಮಾರಿಗೆ ಕಟ್ಟಿದ ಆ ಬಸದಿಯ ಮಂಟಪದ ಅಡಿಗಟ್ಟಿನಲ್ಲಿ ಒಂದು ಜಿರಾಫೆ ಮತ್ತು ಒಂದು ಚೀನೀ ಡ್ರ್ಯಾಗನ್ ಕೆತ್ತಿದ್ದಾರೆ, ನೋಡಿದ್ದೀರಾ? ಜಿರಾಫೆ ಇರುವುದು ಆಫ್ರಿಕಾದಲ್ಲಿ. ಆರು ನೂರು ವರ್ಷಗಳ ಹಿಂದೆಯೇ ನಮ್ಮ ಕರಾವಳಿಗೆ ಹಡಗುಗಳ ಜೊತೆ ದೂರದ ದೇಶಗಳ ಕತೆಗಳೂ ಬರುತ್ತಿದ್ದವು ಎಂಬುದಕ್ಕೆ ಅದಕ್ಕಿಂತ ಚೆಂದದ ಸಾಕ್ಷಿ ಬೇಡ. ಈಗ ಹಡಗಿನವರು ಬಂದು ಆ ಜಿರಾಫೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಕೊರೋನಾದ ನಂತರ, 2022ರ ನವೆಂಬರ್‌ನಲ್ಲಿ, ನವ ಮಂಗಳೂರು ಬಂದರಿಗೆ ಮೊದಲು ಬಂದ ಪ್ರವಾಸಿ ಹಡಗು ‘ಯುರೋಪಾ 2’. ಜರ್ಮನಿಯ ಕಂಪೆನಿಯೊಂದರ ಈ ಹಡಗಿನಲ್ಲಿ ಸಾಧಾರಣ ಕೋಣೆಗಳೇ ಇಲ್ಲ. 251 ಕೋಣೆಗಳು, ಎಲ್ಲವೂ ಸೂಟ್‌ಗಳು, ಎಲ್ಲಕ್ಕೂ ಸಮುದ್ರದ ಕಡೆಗೊಂದು ಜಗಲಿ. ಅತಿ ಚಿಕ್ಕದೆಂದರೆ 28 ಚದರ ಮೀಟರ್, ಅಂದರೆ ಸುಮಾರು 300 ಚದರಡಿ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಆರು ಮಂದಿ ಸಂಸಾರ ಮಾಡುವಷ್ಟು ಜಾಗ.

‘ಇದೆಲ್ಲ ನಮಗೆ ಯಾಕೆ?’ ಎಂದು ಕೇಳುತ್ತೀರಾ? ಕಾಲ ಬದಲಾಗಿದೆ ಸಹೋದರಿಯರೇ. ಕಳೆದ ತಿಂಗಳು ಬೆಳ್ತಂಗಡಿಯಿಂದ ನನ್ನ ನಾದಿನಿ ಫೋನ್ ಮಾಡಿದಳು. ದುಬೈಯಲ್ಲಿರುವ ಮಗ ತಂದೆ ತಾಯಿಯನ್ನು ಕರೆಸಿಕೊಂಡು ಐದು ದಿನ ಹಡಗಿನಲ್ಲಿ ಸುತ್ತಿಸುತ್ತಾನಂತೆ. ಸಾದಾ ಕೋಣೆಯಲ್ಲ, ಸೂಟ್. “ಅತ್ತಿಗೆ, ನೀವು ಹೋಗಿ ಬಂದವರಲ್ವಾ? ಅಲ್ಲಿ ಬಾತ್‌ರೂಮಿನಲ್ಲಿ ನೀರು ಉಂಟಾ? ಊಟಕ್ಕೆ ಬೇರೆ ದುಡ್ಡುಂಟಾ? ನಮಾಝಿಗೆ ಎಂತ ಮಾಡುವುದು?” ಒಂದೇ ಉಸಿರಿನಲ್ಲಿ ಹತ್ತು ಪ್ರಶ್ನೆ. ಅವಳ ಮನೆಯ ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಕಾಣುತ್ತದೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ತಾಯಿ ಜಮಾಲ್‌ಬೀಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. ಈಗಿನ ಮಕ್ಕಳು ತಾಯಿಗೆ ಹಡಗಿನ ಟಿಕೆಟ್ ಕೊಡುತ್ತಾರೆ. ಕೊಡಲಿ, ಸಂತೋಷ. ಆದರೆ ಟಿಕೆಟ್ ಜೊತೆ ನಾಲ್ಕು ಮಾತನ್ನೂ ಹೇಳಬೇಕು. ಅದನ್ನು ನಮ್ಮ ಮನೆಯವರು ಹೇಳದೆ ಏನಾಯಿತು ಎಂಬುದನ್ನೇ ನಾನು ನಾದಿನಿಗೆ ಹೇಳಿದ್ದು, ನಿಮಗೂ ಹೇಳುತ್ತೇನೆ.

ನನ್ನ ತವರು ಬಂಟ್ವಾಳ. ನೇತ್ರಾವತಿಯ ದಂಡೆಯ ಪೇಟೆ. ಒಂದು ಕಾಲದಲ್ಲಿ ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಗಳಲ್ಲಿ ಇಲ್ಲಿಗೆ ಇಳಿದು, ಇಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ನಮ್ಮ ಉಮ್ಮನಿಗೆ ನೀರೆಂದರೆ ಪ್ರೀತಿ, ಹೆದರಿಕೆ ಎರಡೂ. 1974ರ ನೆರೆಯನ್ನು ಕಂಡವರು. ಉಮ್ಮನ ಬಾಪ, ಅಂದರೆ ನಮ್ಮ ಅಜ್ಜ, 1960ರ ದಶಕದ ಆರಂಭದಲ್ಲಿ ಮುಂಬೈಯಿಂದ ಮೊಗಲ್ ಲೈನ್‌ನ ಹಡಗಿನಲ್ಲಿ ಹಜ್ಜಿಗೆ ಹೋಗಿದ್ದರು. ಡೆಕ್ ಕ್ಲಾಸ್. ಚಾಪೆ, ದಿಂಬು, ಅವಲಕ್ಕಿ, ಉಪ್ಪಿನಕಾಯಿ ಎಲ್ಲ ಊರಿನಿಂದಲೇ. ಎಂಟು ಹತ್ತು ದಿನ ಕಬ್ಬಿಣದ ಹಲಗೆಯ ಮೇಲೆ ಮಲಗಿ ಜಿದ್ದಾ ತಲುಪಿದ ಕತೆಯನ್ನು ಅಜ್ಜ ಸಾಯುವವರೆಗೆ ಹೇಳುತ್ತಿದ್ದರಂತೆ. ‘ರಾತ್ರಿ ಆಕಾಶ ನೋಡಿದರೆ ನಕ್ಷತ್ರಗಳೇ ಅಲ್ಲಾಡುತ್ತಿವೆ ಅನ್ನಿಸುತ್ತಿತ್ತು’ ಎಂಬ ಮಾತು ಉಮ್ಮನಿಗೆ ಬಾಯಿಪಾಠ. ಉಮ್ಮ ಹಜ್ಜಿಗೆ ಹೋಗುವ ಹೊತ್ತಿಗೆ ವಿಮಾನವೇ ಗತಿಯಾಗಿತ್ತು. 1995ರಲ್ಲಿ ಭಾರತದಿಂದ ಹಜ್ಜಿನ ಹಡಗುಗಳು ನಿಂತೇ ಹೋದವು. “ನನಗೆ ಹಡಗು ಹತ್ತುವ ಯೋಗವಿಲ್ಲ” ಎಂದು ಉಮ್ಮ ಆಗಾಗ ಹೇಳುತ್ತಿದ್ದುದನ್ನು ದುಬೈಯಲ್ಲಿರುವ ನನ್ನ ತಮ್ಮ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಎರಡು ವರ್ಷದ ಹಿಂದೆ ಅವನು ಉಮ್ಮನನ್ನೂ ನನ್ನನ್ನೂ ಕರೆಸಿದ. ಅವನು, ಅವನ ಹೆಂಡತಿ, ಮಗು, ನಾವಿಬ್ಬರು. ಉಮ್ಮನಿಗೆ ಮತ್ತು ನನಗೆ ಒಂದು ಸೂಟ್. “ಸೂಟ್ ಅಂದರೆ ಎಂತ, ಕೋಟು ಹಾಕಬೇಕಾ?” ಎಂದು ಉಮ್ಮ ಕೇಳಿದ್ದರು. ನಾವೆಲ್ಲ ನಕ್ಕೆವು. ನಕ್ಕು ಸುಮ್ಮನಾದೆವು, ಅದೇ ತಪ್ಪು. ಸೂಟ್‌ಗೆ ಎಷ್ಟಾಯಿತು ಎಂದು ಉಮ್ಮನಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ತಮ್ಮ ದುಡ್ಡಿನ ವಿಷಯವನ್ನೇ ಎತ್ತಬೇಡ ಎಂದು ನನಗೆ ತಾಕೀತು ಮಾಡಿದ್ದ.

ಹಡಗು ಹತ್ತುವುದು ಕಷ್ಟವೇನಲ್ಲ, ವಿಮಾನ ನಿಲ್ದಾಣದ ಹಾಗೆಯೇ. ಸೂಟ್‌ನವರಿಗೆ ಸಾಮಾನ್ಯವಾಗಿ ಬೇರೆ ಸಾಲು ಇರುತ್ತದೆ, ನಿಲ್ಲಬೇಕಾಗಿಲ್ಲ. ಮೊಣಕಾಲು ನೋವಿನವರಿಗೆ ಇದು ಸಣ್ಣ ಸೌಕರ್ಯವಲ್ಲ. ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಬರೆದು ತಿಳಿಸಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವುದು ಕೆಲವು ಗಂಟೆ ಕಳೆದು. ಹಾಗಾಗಿ ಔಷಧಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಮುಸಲ್ಲ, ನಮಾಝಿನ ಬಟ್ಟೆ ಕೈಚೀಲದಲ್ಲೇ ಇರಲಿ. ಇನ್ನೊಂದು ಮಾತು. ದುಬೈಯಿಂದ ಹೊರಟ ಹಡಗು ಒಮಾನ್, ಕತಾರ್ ಎಂದು ಸುತ್ತಿ ಮತ್ತೆ ದುಬೈಗೆ ಬರುವಾಗ ಅದು ಮರು ಪ್ರವೇಶ ಎಂದಾಗುತ್ತದೆ. ವಿಸಿಟ್ ವೀಸಾದಲ್ಲಿ ಹೋಗುವವರು ಇದನ್ನು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಬೇಕು.

ಕೋಣೆಗೆ ಹೋದೆವು. ಒಂದು ದೊಡ್ಡ ಮಂಚ, ಬೇರೆ ಸೋಫಾ, ಮೇಜಿನ ಮೇಲೆ ಹಣ್ಣಿನ ಬುಟ್ಟಿ, ನೀರಿನ ಬಾಟಲಿ, ಗೋಡೆಯಲ್ಲಿ ಸಣ್ಣ ಫ್ರಿಜ್, ಗಾಜಿನ ಬಾಗಿಲಿನಾಚೆ ಜಗಲಿ, ಅದರಾಚೆ ಸಮುದ್ರ. ಉಮ್ಮ ಸೋಫಾದ ತುದಿಯಲ್ಲಿ, ಯಾರದೋ ಮದುವೆ ಮನೆಯಲ್ಲಿ ಕುಳಿತ ಹಾಗೆ ಕುಳಿತರು.

ಹಡಗು ಹೊರಡುವ ಮೊದಲು ಅಪಾಯ ಬಂದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿ ಹೇಗೆ ಹಾಕಬೇಕು ಎಂದು ಎಲ್ಲರಿಗೂ ತೋರಿಸುತ್ತಾರೆ. ಸೂಟ್‌ನವರಿಗೂ ವಿನಾಯಿತಿ ಇಲ್ಲ. 2012ರ ಜನವರಿಯಲ್ಲಿ ಇಟೆಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಮಂದಿ ಸತ್ತರು. ಆ ಹಡಗು ಹತ್ತಿದವರಲ್ಲಿ ಹಲವರಿಗೆ ಈ ತರಬೇತಿ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು, ಈಗ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದು ಆಗಲೇಬೇಕು. ದಯವಿಟ್ಟು ತಪ್ಪಿಸಬೇಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಅದು ಮುಗಿಸಿ ಉಮ್ಮನನ್ನು ಕೋಣೆಗೆ ಬಿಟ್ಟು, “ಸ್ವಲ್ಪ ಮಲಗಿ, ಹಡಗು ಹೊರಡುವುದನ್ನು ನೋಡಿ ಬರುತ್ತೇವೆ” ಎಂದು ನಾವೆಲ್ಲ ಮೇಲಿನ ಡೆಕ್ಕಿಗೆ ಹೋದೆವು. ಒಂದು ಗಂಟೆಯೂ ಆಗಿರಲಿಕ್ಕಿಲ್ಲ. ತಿರುಗಿ ಬಂದಾಗ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಸಮವಸ್ತ್ರದ ಒಬ್ಬ ಹುಡುಗ ಹೊಸ್ತಿಲಲ್ಲಿ ನಿಂತು ಫೋನಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಒಳಗೆ ಉಮ್ಮ ಬೆವರಿ ನೀರಾಗಿ, ಎರಡೂ ಕೈಯಲ್ಲಿ ಕಿತ್ತಳೆ ಜ್ಯೂಸಿನ ಗ್ಲಾಸ್ ಹಿಡಿದು ಕೂತಿದ್ದರು. ಕೈ ನಡುಗುತ್ತಿತ್ತು.

ಉಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದಾರೆ. ಮಧ್ಯಾಹ್ನ ಊಟದ ಕೋಣೆಯಲ್ಲಿ ‘ಹಸಿವಿಲ್ಲ’ ಎಂದವರನ್ನು ನಾವು ಯಾರೂ ಒತ್ತಾಯಿಸಿರಲಿಲ್ಲ. ಹಸಿವಿತ್ತು. ಮಾಂಸ ಹಲಾಲೋ ಅಲ್ಲವೋ ಎಂಬ ಅನುಮಾನ ಒಂದು, ಪ್ರತಿ ತಟ್ಟೆಗೂ ಮಗನಿಗೆ ಬಿಲ್ ಬರುತ್ತದೆ ಎಂಬ ಹೆದರಿಕೆ ಇನ್ನೊಂದು. ಕೋಣೆಗೆ ಬಂದ ಮೇಲೆ ತಲೆ ತಿರುಗಿದೆ. ಕೈಗೆಟಕುವ ಫ್ರಿಜ್‌ನಲ್ಲಿ ಜ್ಯೂಸ್ ಇತ್ತು, ಮೇಜಿನ ಮೇಲೆ ಹಣ್ಣಿತ್ತು. ಆದರೆ ಫ್ರಿಜ್ಜಿನ ಮೇಲೆ ಡಾಲರ್‌ಗಳ ಪಟ್ಟಿ ಅಂಟಿಸಿತ್ತು. ಉಮ್ಮನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಹಣ್ಣೂ ಆ ಲೆಕ್ಕದ್ದೇ ಎಂದುಕೊಂಡು ಮುಟ್ಟಿರಲಿಲ್ಲ.

ಆ ಹುಡುಗ ಸಂಜೆ ಹಾಸಿಗೆ ಸರಿಪಡಿಸಲು ಬಂದವನು. ಸೂಟ್‌ಗಳಲ್ಲಿ ದಿನಕ್ಕೆ ಎರಡು ಸಲ ಕೋಣೆ ಚೊಕ್ಕ ಮಾಡುತ್ತಾರೆ. ಬಾಗಿಲು ತಟ್ಟಿದ್ದಾನೆ, ಒಳಗಿನಿಂದ ಕ್ಷೀಣ ಸ್ವರ. ಉಮ್ಮ ಬ್ಯಾರಿಯಲ್ಲಿ ಏನೋ ಹೇಳಿದ್ದಾರೆ, ಅರ್ಧ ತುಳುವಿನಲ್ಲಿ. ಅವನು ತುಳುವಿನಲ್ಲೇ ಕೇಳಿದನಂತೆ, “ಈರೆನ ಊರು ಓಲು ಅಮ್ಮಾ?” ಬಂಟ್ವಾಳ ಎಂದರು ಉಮ್ಮ. ಅವನದು ಬೆದ್ರ, ಅಂದರೆ ನಮ್ಮ ಮೂಡಬಿದಿರೆ. “ಜ್ಯೂಸ್ ಕುಡಿಯಿರಿ” ಎಂದರೆ ಉಮ್ಮ ಪಟ್ಟಿ ತೋರಿಸಿದರಂತೆ. “ಅಮ್ಮಾ, ನಿಮ್ಮ ಮಗ ಇದಕ್ಕೆಲ್ಲ ಆಗಲೇ ಕೊಟ್ಟಿದ್ದಾರೆ, ನೀವು ಕುಡಿಯದಿದ್ದರೆ ಅದು ನಷ್ಟ” ಎಂದು ಅವನು ಹೇಳಿದ ಮೇಲೆಯೇ ಬಾಟಲಿ ತೆರೆದದ್ದು.

ಅಲ್ಲಾಹನ ದಯೆ, ಅಷ್ಟರಲ್ಲೇ ನಿಂತಿತು. ತಮ್ಮ ಆ ರಾತ್ರಿ ಉಮ್ಮನ ಕಾಲ ಬಳಿ ಕೂತು ಅತ್ತ. ಮಗನ ಖರ್ಚು ಉಳಿಸಲು ಹಸಿದುಕೊಂಡಿರುವ ತಾಯಂದಿರು ನಮ್ಮಲ್ಲಿ ಒಬ್ಬಿಬ್ಬರಲ್ಲ ಎಂದು ನಿಮಗೂ ಗೊತ್ತು. ಆದ್ದರಿಂದ ಮಕ್ಕಳೇ, ಬೆಲೆ ಹೇಳದಿದ್ದರೂ ಪರವಾಗಿಲ್ಲ. ಏನೇನು ಅದರಲ್ಲಿ ಸೇರಿದೆ ಎಂದು ಊರಿನಲ್ಲಿರುವಾಗಲೇ ಕನ್ನಡದಲ್ಲಿ ಬರೆದು ತಾಯಿಯ ಕೈಯಲ್ಲಿ ಕೊಡಿ.

ಏನೇನು ಸೇರಿದೆ? ಮುಖ್ಯ ಊಟದ ಕೋಣೆಯ ಮತ್ತು ಬಫೆಯ ಮೂರು ಹೊತ್ತಿನ ಊಟ ಎಲ್ಲ ಕೋಣೆಯವರಿಗೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಸೂಟ್‌ನವರಿಗೆ ಬೆಳಗಿನ ತಿಂಡಿಯನ್ನು ಕೋಣೆಗೇ ತರುವ ಸೌಲಭ್ಯ ಹೆಚ್ಚಾಗಿ ಉಚಿತ. ಹೆಸರು ಬರೆಸಿ ಹೋಗುವ ವಿಶೇಷ ಹೋಟೆಲುಗಳಿಗೆ ಬೇರೆ ದುಡ್ಡು. ಫ್ರಿಜ್ಜಿನ ವಿಷಯ ಹಡಗಿನಿಂದ ಹಡಗಿಗೆ ಬೇರೆ: ಕೆಲವರಲ್ಲಿ ಮೊದಲ ಸಲ ತುಂಬಿಸಿದ್ದು ಉಚಿತ, ಮತ್ತೆ ತುಂಬಿಸಿದರೆ ಬಿಲ್, ಕೆಲವರಲ್ಲಿ ಎಲ್ಲವೂ ಉಚಿತ, ಕೆಲವರಲ್ಲಿ ಎಲ್ಲಕ್ಕೂ ಬಿಲ್. ಹತ್ತಿದ ಕೂಡಲೇ ಕೇಳಿ. ಮದ್ಯದ ಬಾಟಲಿಗಳಿದ್ದರೆ ತೆಗೆದು ನೀರು, ಹಾಲು, ಜ್ಯೂಸ್ ಇಡಲು ಹೇಳಿ. ನಗುಮುಖದಿಂದಲೇ ಮಾಡುತ್ತಾರೆ, ಸಂಕೋಚ ಬೇಡ. ನಲ್ಲಿಯ ನೀರನ್ನೂ ಕುಡಿಯಬಹುದು. ಹಡಗಿನಲ್ಲಿ ಕಾಸು ನಡೆಯುವುದಿಲ್ಲ, ಎಲ್ಲವೂ ಆ ಕಾರ್ಡಿನ ಲೆಕ್ಕಕ್ಕೆ ಹೋಗುತ್ತದೆ. ಪ್ರತಿ ರಾತ್ರಿ ಟಿವಿಯಲ್ಲೋ ಕೌಂಟರಿನಲ್ಲೋ ಲೆಕ್ಕ ನೋಡಿ. ನಮಗೆ ಕುಡಿಯದ ಒಂದು ತಂಪು ಪಾನೀಯ ಸೇರಿಸಿದ್ದರು, ಹೇಳಿದ ಮೇಲೆ ತೆಗೆದರು.

ಇನ್ಸುಲಿನ್ ಇರುವವರು ಗಮನಿಸಿ. ಕೋಣೆಯ ಆ ಸಣ್ಣ ಫ್ರಿಜ್ ಹಲವು ಹಡಗುಗಳಲ್ಲಿ ತಂಪು ಮಾಡುವ ಪೆಟ್ಟಿಗೆ ಮಾತ್ರ, ನಮ್ಮ ಮನೆಯ ಫ್ರಿಜ್ಜಿನ ಹಾಗಲ್ಲ. ಔಷಧಿಗೆ ಬೇರೆ ಫ್ರಿಜ್ ಬೇಕೆಂದು ಮೊದಲೇ ಹೇಳಿದರೆ ತಂದಿಡುತ್ತಾರೆ. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಎಷ್ಟು ದೊಡ್ಡ ಸೂಟ್ ಆದರೂ ಡಾಕ್ಟರ ಫೀಸು ಬೇರೆ, ಅದು ಸಣ್ಣದಲ್ಲ. ಪ್ರವಾಸದ ವಿಮೆ ಮಾಡಿಸದೆ ಹಿರಿಯರನ್ನು ಹತ್ತಿಸಬೇಡಿ.

ಇನ್ನು ಬಾತ್‌ರೂಮು. ನಾದಿನಿಯ ಮೊದಲ ಪ್ರಶ್ನೆಯೇ ಅದು, ನಿಮ್ಮದೂ ಅದೇ ಇರಬಹುದು. ಸೂಟ್‌ನ ಬಾತ್‌ರೂಮು ದೊಡ್ಡದು, ಅಮೃತಶಿಲೆಯ ಹಾಗೆ ಹೊಳೆಯುತ್ತದೆ, ಕೆಲವಲ್ಲಿ ತೊಟ್ಟಿಯೂ ಉಂಟು. ಆದರೆ ಟಾಯ್ಲೆಟ್ಟಿನ ಬಳಿ ನೀರಿನ ಪೈಪು ಸಾಧಾರಣವಾಗಿ ಇರುವುದಿಲ್ಲ. ಊರಿನಿಂದಲೇ ಒಂದು ಹಗುರ ಪ್ಲಾಸ್ಟಿಕ್ ಮಗ್ ತನ್ನಿ. ಹತ್ತು ರೂಪಾಯಿಯ ಆ ಮಗ್ ನಮ್ಮ ಸೂಟ್‌ನ ಎಲ್ಲ ಐಷಾರಾಮಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಹಡಗಿನ ಟಾಯ್ಲೆಟ್ ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ, ಭಾರೀ ಸದ್ದು. ಅವರೇ ಇಟ್ಟ ಕಾಗದ ಬಿಟ್ಟು ಬೇರೇನೂ ಹಾಕಬಾರದು. ಮಕ್ಕಳ ಡೈಪರ್, ಪ್ಯಾಡ್ ಹಾಕಿದರೆ ನಿಮ್ಮ ಸಾಲಿನ ಎಲ್ಲ ಕೋಣೆಗಳದ್ದೂ ಕಟ್ಟಿಕೊಳ್ಳುತ್ತದೆ. ವುಝೂ ಮಾಡುವಾಗ ನೆಲಕ್ಕೆ ಬಿದ್ದ ನೀರು ಬೇಗ ಹೋಗುವುದಿಲ್ಲ, ಹಡಗು ಸ್ವಲ್ಪ ವಾಲಿದರೆ ಜಾರಿ ಬೀಳುವುದು ಖಂಡಿತ. ಕಾಲು ತೊಳೆಯುವುದು ಶವರಿನ ಕಟ್ಟೆಯೊಳಗೇ ಆಗಲಿ, ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ. ಟವೆಲ್ ಎಷ್ಟು ಕೇಳಿದರೂ ಕೊಡುತ್ತಾರೆ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ. ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಅವನ್ನು ಹತ್ತುವಾಗಲೇ ತೆಗೆದಿಡುತ್ತಾರೆ. ಮೇಣದ ಬತ್ತಿ, ಲೋಬಾನವೂ ಕೂಡದು. ಬಿಸಿನೀರು ಕೇಳಿದರೆ ತಂದು ಕೊಡುತ್ತಾರೆ. ಸೂಟ್‌ನವರಿಗೆ ಕೆಲವು ಬಟ್ಟೆ ಇಸ್ತ್ರಿ ಮಾಡಿಕೊಡುವುದೂ ಕೆಲವೆಡೆ ಉಚಿತ.

ಜಗಲಿ ನಮಗೆ ಬಹಳ ಇಷ್ಟವಾಯಿತು. ಆದರೆ ಸಹೋದರಿಯರೇ, ಅದು ನಿಮ್ಮ ಮನೆಯ ಹಿತ್ತಿಲಲ್ಲ. ಪಕ್ಕದಲ್ಲಿ ಗೋಡೆಯಿದ್ದರೂ ಕೆಲವು ಹಡಗುಗಳಲ್ಲಿ, ಮುಖ್ಯವಾಗಿ ಹಿಂಭಾಗದಲ್ಲಿ, ಮೆಟ್ಟಿಲಿನ ಹಾಗೆ ಜಗಲಿಗಳಿರುತ್ತವೆ, ಮೇಲಿನವರಿಗೆ ನೀವು ಪೂರ್ತಿ ಕಾಣುತ್ತೀರಿ. ತಲೆಯ ಬಟ್ಟೆ ಸರಿಸುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ಬಂದರಿನಲ್ಲಿ ನಿಂತಾಗ ಎದುರು ಇನ್ನೊಂದು ಹಡಗು ಬಂದು ನಿಂತಿರಬಹುದು. ಕಂಬಿಯ ಮೇಲೆ ಬಟ್ಟೆ ಒಣಗಿಸಬೇಡಿ, ಗಾಳಿಗೆ ಹಾರಿದರೆ ಹೋಯಿತು. ಮಕ್ಕಳಿದ್ದರೆ ಜಗಲಿಯ ಬಾಗಿಲಿಗೆ ಸದಾ ಚಿಲಕ ಹಾಕಿರಿ.

ಹಲಾಲ್ ಊಟ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆದು ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಹಡಗು ಗಲ್ಫಿನಿಂದ ಹೊರಟಿದೆ ಎಂದ ಮಾತ್ರಕ್ಕೆ ಎಲ್ಲವೂ ಹಲಾಲ್ ಎಂದು ತಿಳಿಯಬೇಡಿ. ಮೀನಿನ ಸಾರಿಗೂ ವೈನ್ ಹಾಕುವವರಿದ್ದಾರೆ, ಪುಡ್ಡಿಂಗ್‌ನಲ್ಲಿ ಜೆಲಾಟಿನ್ ಇರಬಹುದು. ಸೂಟ್‌ನವರಿಗೆ ಒಂದು ಅನುಕೂಲ, ಅಡುಗೆಯ ಮುಖ್ಯಸ್ಥರ ಜೊತೆ ಮಾತಾಡಿಸಿ ಎಂದರೆ ಮಾತಾಡಿಸುತ್ತಾರೆ. ಮರುದಿನದಿಂದ ಉಮ್ಮನಿಗೆ ಅನ್ನ, ಬೇಳೆ, ಹುರಿದ ಮೀನು ಬಂತು. ಉಪ್ಪಿನಕಾಯಿ ನಮ್ಮದೇ. ಅಜ್ಜನ ಮಗಳಲ್ಲವೇ!

ನಮಾಝಿಗೆ ಕಿಬ್ಲಾ ದೊಡ್ಡ ಸಮಸ್ಯೆ ಎಂದು ಅಂದುಕೊಂಡಿದ್ದೆವು. ಕಬ್ಬಿಣದ ಹಡಗಿನೊಳಗೆ ಮೊಬೈಲಿನ ದಿಕ್ಸೂಚಿಯನ್ನು ನಂಬುವಂತಿಲ್ಲ, ನಿಂತಲ್ಲೇ ಎರಡು ಬಗೆ ತೋರಿಸುತ್ತದೆ. ಕೋಣೆಯ ಟಿವಿಯಲ್ಲಿ ಹಡಗು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬ ನಕ್ಷೆಯ ಚಾನೆಲ್ ಇರುತ್ತದೆ, ಅದನ್ನು ನೋಡಿ ಲೆಕ್ಕ ಹಾಕಿ. ನೆನಪಿಡಿ, ಬಂಟ್ವಾಳದಲ್ಲಿ ನಾವು ಪಶ್ಚಿಮದಿಂದ ತುಸು ಉತ್ತರಕ್ಕೆ ತಿರುಗುತ್ತೇವೆ, ದುಬೈಯಲ್ಲಿ ಪಶ್ಚಿಮದಿಂದ ತುಸು ದಕ್ಷಿಣಕ್ಕೆ. ಅಲೆಯಲ್ಲಿ ನಿಲ್ಲಲಾಗದವರು ಏನು ಮಾಡಬೇಕು, ಕಸ್ರ್ ಹೇಗೆ ಎಂಬುದನ್ನು ಹೊರಡುವ ಮೊದಲು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಅಲೆ ಎಂದಾಗ ನೆನಪಾಯಿತು. ಸೂಟ್‌ಗಳು ಹೆಚ್ಚಾಗಿ ಮೇಲಿನ ಅಂತಸ್ತಿನಲ್ಲಿ, ಹಡಗಿನ ಮುಂದೆ ಅಥವಾ ಹಿಂದೆ ಇರುತ್ತವೆ. ತೂಗಾಟ ಹೆಚ್ಚು ಗೊತ್ತಾಗುವುದೇ ಅಲ್ಲಿ. ಬಸ್ಸಿನಲ್ಲಿ ವಾಂತಿ ಮಾಡುವವರಿಗೆ ನಡುಭಾಗದ, ಕೆಳ ಅಂತಸ್ತಿನ ಸಾದಾ ಕೋಣೆಯೇ ಸುಖ. ಶಿರಾಡಿ ಘಾಟಿಯಲ್ಲಿ ಹಿಂದಿನ ಸೀಟಿಗೂ ನಡುವಿನ ಸೀಟಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ?

ಹಾಗಾದರೆ ಸೂಟ್ ತೆಗೆದುಕೊಳ್ಳಬೇಕೇ? ನನ್ನ ಅಭಿಪ್ರಾಯ ಕೇಳಿದರೆ, ನಮ್ಮಂಥವರಿಗೆ ಜಗಲಿಯಿರುವ ಸಾದಾ ಕೋಣೆ ಸಾಕು. ಸೂಟ್‌ಗೆ ಅದರ ಎರಡು ಮೂರು ಪಟ್ಟು ಬೆಲೆ. ಆ ಹೆಚ್ಚಿನ ದುಡ್ಡಿನಲ್ಲಿ ಸಿಗುವುದೇನು? ಮದ್ಯ, ಅದು ನಮಗೆ ಬೇಡ. ಗಂಡಸರು ಹೆಂಗಸರು ಒಟ್ಟಿಗೆ ಇಳಿಯುವ ಈಜುಕೊಳದ ಬಳಿ ಕಾದಿರಿಸಿದ ಕುರ್ಚಿ, ಅದೂ ಬೇಡ. ಬೇರೆ ಕೂತುಕೊಳ್ಳುವ ಕೋಣೆ, ಅಲ್ಲಿಯೂ ಅದೇ ಮದ್ಯ. ಉಳಿದದ್ದು ದೊಡ್ಡ ಬಾತ್‌ರೂಮು, ಕಾಯದ ಸಾಲು, ಕೋಣೆಗೆ ಬರುವ ಊಟ. ನಡೆಯಲಾಗದ ಹಿರಿಯರಿದ್ದರೆ ಇವು ಮೂರೂ ಬೆಲೆಬಾಳುವವು, ಇಲ್ಲದಿದ್ದರೆ ಇಲ್ಲ. ‘ಮಿನಿ ಸೂಟ್’, ‘ಜೂನಿಯರ್ ಸೂಟ್’ ಎಂಬ ಹೆಸರಿಗೆ ಮರುಳಾಗಬೇಡಿ. ಹಲವೆಡೆ ಅದು ದೊಡ್ಡ ಕೋಣೆ ಅಷ್ಟೇ, ಸೂಟ್‌ನ ಸೇವೆಗಳು ಅದಕ್ಕೆ ಪೂರ್ತಿ ಸಿಗುವುದಿಲ್ಲ. ಮೊದಲ ಸಲ ಹೋಗುವವರು ದೂರ ಹೋಗಬೇಕೆಂದೂ ಇಲ್ಲ. 2021ರಲ್ಲಿ ಮುಂಬೈಯಿಂದ ಕಾರ್ಡೇಲಿಯಾ ಹಡಗಿನ ಯಾನ ಶುರುವಾದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಪಾಸ್‌ಪೋರ್ಟಿನ ಗೋಜಿಲ್ಲದೆ ಹೋಗಿ ಬಂದವರಿದ್ದಾರೆ.

ಕೋಣೆಯ ಹುಡುಗರ ಬಗ್ಗೆ ಹೇಳಲೇಬೇಕು. ಸೂಟ್‌ಗಳಲ್ಲಿ ಕೋಣೆ ಚೊಕ್ಕ ಮಾಡುವವರ ಜೊತೆ ‘ಬಟ್ಲರ್’ ಎಂಬ ಇನ್ನೊಬ್ಬರೂ ಇರುತ್ತಾರೆ. ಹೆಚ್ಚಾಗಿ ಗಂಡಸರೇ. ಹೆಂಗಸರು ಮಾತ್ರ ಇರುವ ಕೋಣೆಯಾದರೆ ಹೆಣ್ಣುಮಕ್ಕಳನ್ನು ಕಳುಹಿಸಿ ಎಂದು ಕೇಳಬಹುದು, ಇದ್ದರೆ ಕಳುಹಿಸುತ್ತಾರೆ. ಇಲ್ಲವೆಂದರೆ ಬರುವ ಹೊತ್ತನ್ನು ನೀವೇ ಗೊತ್ತುಮಾಡಿ, ಉಳಿದ ಹೊತ್ತು ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಫಲಕ ಹಾಕಿ, ಒಳಗಿನ ಚಿಲಕವನ್ನೂ ಹಾಕಿ. ಸೇವೆಯ ಶುಲ್ಕ ಎಂದು ತಲೆಗೆ ದಿನಕ್ಕೆ ಇಂತಿಷ್ಟು ಡಾಲರ್ ಲೆಕ್ಕಕ್ಕೆ ಸೇರಿಸುತ್ತಾರೆ, ಸೂಟ್‌ಗೆ ತುಸು ಹೆಚ್ಚು. ಕೆಲವರಲ್ಲಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಐದು ಮಂದಿಗೆ ಐದು ದಿನಕ್ಕೆ ಅದೇ ದೊಡ್ಡ ಮೊತ್ತವಾಗುತ್ತದೆ, ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಅದರ ಮೇಲೆ ಕೈಯಾರೆ ಕೊಡುವುದು ನಿಮ್ಮ ಖುಷಿ.

ಉಮ್ಮ ದಿನಾ ಫಜ್ರ್ ನಮಾಝಿಗೆ ಎದ್ದವರು ಹಾಸಿಗೆ ಮಡಚಿ, ಟವೆಲ್ ಹಿಂಡಿ, ಮೇಜು ಒರೆಸಿ ಇಡುತ್ತಿದ್ದರು. ಮೂರನೆಯ ದಿನ ಬೆದ್ರದ ಹುಡುಗ ಕೈಮುಗಿದ. “ಅಮ್ಮಾ, ನೀವೇ ಮಾಡಿದರೆ ನಾನೆಂತ ಮಾಡುವುದು? ಮೇಲಿನವರು ಬಂದು ನೋಡುತ್ತಾರೆ.” ಅಲ್ಲಿ ಅತಿಥಿಗಳು ಬರೆದುಕೊಡುವ ಅಭಿಪ್ರಾಯದ ಮೇಲೆ ಅವರ ಮುಂದಿನ ಕೆಲಸ ನಿಂತಿರುತ್ತದಂತೆ. ಆಮೇಲೆ ಉಮ್ಮ ಕಷ್ಟಪಟ್ಟು ಸುಮ್ಮನೆ ಕೂತರು. ಕೂತು ಅವನ ಮನೆಯ ವಿಷಯವನ್ನೆಲ್ಲ ಕೇಳಿದರು. ಎಂಟು ತಿಂಗಳಾಗಿದೆ ಊರು ಬಿಟ್ಟು. ತಂದೆ ಇಲ್ಲ. ತಾಯಿ ಬೀಡಿ ಕಟ್ಟುತ್ತಾರೆ. ಹೋಟೆಲ್ ಕೆಲಸದ ಕೋರ್ಸಿಗೆ ಮಾಡಿದ ಸಾಲ ಈ ಸಲ ತೀರುತ್ತದೆ. ನಮ್ಮ ಉಮ್ಮನೂ ಮದುವೆಯ ನಂತರ ಹದಿನೈದು ವರ್ಷ ಬೀಡಿ ಕಟ್ಟಿದವರು, ನನ್ನ ಶಾಲೆಯ ಫೀಸು ಆ ಬೀಡಿಯಿಂದಲೇ. “ನಿನ್ನ ಕೋಣೆ ಎಲ್ಲಿ ಮಗಾ? ನಾನೊಮ್ಮೆ ನೋಡಬಹುದಾ?” ಎಂದು ಕೇಳಿದರು. ಕೆಳಗೆ, ನೀರಿನ ಮಟ್ಟಕ್ಕಿಂತಲೂ ಕೆಳಗೆ, ಇಬ್ಬರಿಗೆ ಒಂದು, ಕಿಟಕಿ ಇಲ್ಲ, ಅಲ್ಲಿಗೆ ಅತಿಥಿಗಳನ್ನು ಬಿಡುವುದಿಲ್ಲ ಎಂದ.

ಕೊನೆಯ ರಾತ್ರಿ ಉಮ್ಮ ಜಗಲಿಯಲ್ಲಿ ಕೂತರು. ದೀಪ ಆರಿಸಲು ಹೇಳಿದರು. ಬಹಳ ಹೊತ್ತು ಮೇಲೆ ನೋಡಿ, “ಬಾಪ ಹೇಳಿದ್ದು ನಿಜ, ಅಲ್ಲಾಡುತ್ತದೆ” ಎಂದರು.

ಊರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ, “ಬೆದ್ರಕ್ಕೆ ಹೋಗಬೇಕು” ಎಂದು ಉಮ್ಮನ ಹಟ. ಬೆಳಿಗ್ಗೆ ಎದ್ದು ಪತ್ತಿರ್ ಮಾಡಿ, ಬಾಳೆ ಎಲೆಯಲ್ಲಿ ಕಟ್ಟಿ, ದುಬೈಯಿಂದ ತಂದ ಖರ್ಜೂರದ ಡಬ್ಬ ಹಿಡಿದುಕೊಂಡರು. ಹುಡುಗ ಕೊಟ್ಟ ನಂಬರಿಗೆ ಫೋನ್ ಮಾಡಿ ದಾರಿ ಕೇಳಿಕೊಂಡೆವು. ಬಸದಿಯ ಬೀದಿಯಲ್ಲಿ ಅದೇ ಬಸ್ಸುಗಳು ನಿಂತಿದ್ದವು, ಕೊರಳಲ್ಲಿ ಕಾರ್ಡಿನವರು ಇಳಿಯುತ್ತಿದ್ದರು. “ಪಾಪ, ಇವರ ಹಾಸಿಗೆ ಈಗ ಯಾರ ಮಕ್ಕಳು ಸರಿಮಾಡುತ್ತಿದ್ದಾರೋ” ಎಂದರು ಉಮ್ಮ.

ಪೇಟೆಯಿಂದ ಎರಡು ಮೈಲಿ ಒಳಗೆ ಹೆಂಚಿನ ಸಣ್ಣ ಮನೆ. ಜಗಲಿಯಲ್ಲಿ ಆ ತಾಯಿ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎದ್ದು ನಮ್ಮನ್ನು ಕೂರಿಸಿದರು. ಮೊದಲು ಇಬ್ಬರಿಗೂ ಮಾತೇ ಬರಲಿಲ್ಲ. ಉಮ್ಮ ಒಂದು ಎಲೆ ಎತ್ತಿಕೊಂಡು, ಹೊಗೆಸೊಪ್ಪು ಹಾಕಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟಿದರು. ಬೆರಳು ಇನ್ನೂ ಮರೆತಿರಲಿಲ್ಲ. ಆ ತಾಯಿ 그ಷ್ಟು ಹೊತ್ತು ನೋಡಿ ನಕ್ಕರು.

ಆಮೇಲೆ ಕೇಳಿದರು, “ನನ್ನ ಮಗನ ಕೋಣೆ ನೋಡಿದಿರಾ? ಚೆನ್ನಾಗಿ ಉಂಟಾ? ಕೇಳಿದರೆ ಸಮುದ್ರ ಕಾಣುತ್ತದೆ ಅಂತ ಹೇಳುತ್ತಾನೆ.”

ಉಮ್ಮ ನನ್ನ ಮುಖ ನೋಡಿದರು. “ಅಲ್ಲಿಗೆ ನಮ್ಮನ್ನು ಬಿಡುವುದಿಲ್ಲ” ಎಂದರು. “ಆದರೆ ಅವನು ದಿನಾ ಬೆಳಿಗ್ಗೆ ನಮ್ಮ ಕೋಣೆಗೆ ಬಂದು ಜಗಲಿಯ ಬಾಗಿಲು ತೆರೆಯುತ್ತಿದ್ದ. ಅಲ್ಲಿಂದ ಸಮುದ್ರ ಕಾಣುತ್ತದೆ. ಅವನು ನೋಡುತ್ತಿದ್ದ.”

ಆ ತಾಯಿ ತಲೆಯಾಡಿಸಿ ಒಳಗೆ ಹೋದರು. ಎರಡು ಲೋಟ ಚಹಾ ತಂದು ಒಂದನ್ನು ಉಮ್ಮನ ಕೈಗೇ ಕೊಟ್ಟರು. “ಇದಕ್ಕೆ ಸಕ್ಕರೆ ಹಾಕಿಲ್ಲ. ಮಗ ಫೋನಿನಲ್ಲಿ ಹೇಳಿದ್ದಾನೆ.”